ಹೆಸರು, ಹುಟ್ಟಿದ ತಾರೀಖು ಮತ್ತು ಮಾಹಿತಿ ಹಕ್ಕು



ಮಾಹಿತಿ ಹಕ್ಕಿನ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ. ರಸ್ತೆ, ಟೆಂಡರು, ಲಂಚದ ವಿಷಯಕ್ಕೆ ನಾನು ಹೋಗುವುದಿಲ್ಲ. ನಮ್ಮ ಮನೆಗಳನ್ನು ಕಾಡುವ ಒಂದು ತೊಂದರೆಗೆ ಈ ಕಾಯಿದೆ ಎಷ್ಟು ನೆರವಾಗುತ್ತದೆ ಎಂಬುದಷ್ಟೇ ನನ್ನ ಮಾತು.

ತೊಂದರೆ ನಿಮಗೆ ಗೊತ್ತಿರುವುದೇ. ಮನೆಯಲ್ಲಿ ಉರ್ದುವಿನಲ್ಲಿ ಕರೆಯುವ ಹೆಸರನ್ನು ಶಾಲೆಯಲ್ಲಿ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಇನ್ನೊಂದು ಕಚೇರಿಯಲ್ಲಿ ಅದು ಇಂಗ್ಲಿಷಿಗೆ ಹೋಗುತ್ತದೆ. ಒಬ್ಬನೇ ಹುಡುಗ ಒಂದು ಕಡೆ ಮೊಹಮ್ಮದ್, ಮತ್ತೊಂದು ಕಡೆ ಮಹಮದ್, ಮೂರನೆಯ ಕಡೆ ಬರೀ ‘ಎಂಡಿ’. ಹೆಣ್ಣುಮಕ್ಕಳ ಬೇಗಂ, ಬಾನು ಒಂದು ದಾಖಲೆಯಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಹಿರಿಯರಲ್ಲಿ ಎಷ್ಟೋ ಜನರಿಗೆ ಜೂನ್ 1ರಂದೇ ಜನ್ಮದಿನ. ಶಾಲೆಗೆ ಸೇರಿದ ತಿಂಗಳೇ ಹುಟ್ಟಿದ ತಿಂಗಳಾಗಿಬಿಟ್ಟಿದೆ! ಮುಂದೆ ವಿದ್ಯಾರ್ಥಿವೇತನ, ಸೀಟು, ಪಾಸ್‌ಪೋರ್ಟ್ ಎಂದಾಗ ದಾಖಲೆಗಳು ತಾಳೆಯಾಗದೆ ಮಗುವಿನ ಒಂದು ವರ್ಷವೇ ಹೋಗಬಹುದು.

2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಮಾಹಿತಿ ಹಕ್ಕು ಕಾಯಿದೆ ದಾಖಲೆಯನ್ನು ತೋರಿಸುತ್ತದೆ, ತಿದ್ದುವುದಿಲ್ಲ. ‘ನನ್ನ ಹೆಸರು ಸರಿಪಡಿಸಿ’ ಎಂದು ಇದರಡಿ ಬರೆದರೆ ಪ್ರಯೋಜನವಿಲ್ಲ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ನನ್ನ ಹೆಸರಿರುವ ಪುಟದ ದೃಢೀಕೃತ ಪ್ರತಿ ಕೊಡಿ ಎಂದು ಕೇಳಬೇಕು. ಶಾಲೆ ಖಾಸಗಿಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೇಳಿ. ತಿದ್ದುಪಡಿಗೆ ಆಗಲೇ ಅರ್ಜಿ ಕೊಟ್ಟಿದ್ದರೆ, ಅದು ಯಾವ ದಿನ ಯಾರ ಬಳಿಗೆ ಹೋಯಿತು, ಕಡತದಲ್ಲಿ ಏನು ಟಿಪ್ಪಣಿಯಿದೆ ಎಂದು ಕೇಳಿ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಪ್ರಶ್ನೆಗೇ ಹೆಚ್ಚು ಬಲ.

ಅರ್ಜಿ ಕನ್ನಡದಲ್ಲೇ ಇರಲಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ; ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕಾರಣ ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಆಮೇಲೆ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿರುವ ಆಯೋಗ. ಅಲ್ಲಿ ಕಾಯಬೇಕಾಗುತ್ತದೆ, ಸೀಟು ಮಾತ್ರ ಕಾಯುವುದಿಲ್ಲ.

ಕೆಂಗೇರಿಯವರಿಗೆ ಒಂದು ಮಾತು. 2007ರವರೆಗೆ ಅಲ್ಲಿ ಪುರಸಭೆಯಿತ್ತು, ಆಮೇಲೆ ಬಿಬಿಎಂಪಿ ಬಂತು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯೂ ಇಲ್ಲ, ಅದರ ಜಾಗದಲ್ಲಿ ಐದು ನಗರಪಾಲಿಕೆಗಳು. ನಿಮ್ಮ ಹಳೆಯ ಜನನ ರಿಜಿಸ್ಟರ್ ಈಗ ಯಾವ ಬೀರುವಿನಲ್ಲಿದೆಯೆಂದು ನೀವೇ ಅಲೆಯಬೇಕಿಲ್ಲ. ಅರ್ಜಿ ತಪ್ಪು ಕಚೇರಿಗೆ ಹೋದರೂ ಕಲಂ 6(3)ರ ಪ್ರಕಾರ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು.

ಪ್ರತಿ ಕೈಗೆ ಬಂದಮೇಲೆ ತಿದ್ದುಪಡಿ. ಜನನ ದಾಖಲೆಯ ತಪ್ಪಿಗೆ 1969ರ ಜನನ ಮರಣ ನೋಂದಣಿ ಕಾಯಿದೆಯ ಕಲಂ 15ರಡಿ ನೋಂದಣಾಧಿಕಾರಿಗೆ ಅರ್ಜಿ ಕೊಡಿ. ಮಗುವಿನ ಹೆಸರನ್ನೇ ಬರೆಸಿಲ್ಲವಾದರೆ 15 ವರ್ಷದೊಳಗೆ ಸೇರಿಸಬಹುದು. ಸುಲಭವೆಂದು ಅನೇಕರು ಮೊದಲು ಆಧಾರ್ ತಿದ್ದಿಸುತ್ತಾರೆ. ಇದು ಉಲ್ಟಾ ಕ್ರಮ. ಆಧಾರ್‌ನಲ್ಲಿ ಹುಟ್ಟಿದ ತಾರೀಖನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಬಹುದು. ಅದೂ ಅಲ್ಲದೆ ಆಧಾರ್ ವಯಸ್ಸಿಗೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಮೊದಲು ಜನನ ಪತ್ರ, ನಂತರ ಶಾಲೆ, ಕೊನೆಗೆ ಆಧಾರ್.

ಎಂಟು, ಒಂಬತ್ತನೆಯ ತರಗತಿಯಲ್ಲಿರುವ ಮಕ್ಕಳೇ, ನಿಮ್ಮ ಹೆಸರು ಎಸ್ಸೆಸ್ಸೆಲ್ಸಿ ಮಂಡಳಿಗೆ ಹೋಗುವ ಮೊದಲೇ ಅಬ್ಬಾ ಅಥವಾ ಅಮ್ಮಿಯನ್ನು ಶಾಲೆಗೆ ಕರೆದೊಯ್ದು ರಿಜಿಸ್ಟರ್ ನೋಡಿಸಿ. ಅಂಕಪಟ್ಟಿ ಅಚ್ಚಾದಮೇಲೆ ಹುಟ್ಟಿದ ತಾರೀಖಿನ ಬದಲಾವಣೆ ಎಂದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಮಾದರಿ ಅರ್ಜಿಗಳನ್ನು ಕಾರ್ಯದರ್ಶಿಗಳ ಬಳಿ ಕೊಟ್ಟಿದ್ದೇನೆ, ಹೋಗುವಾಗ ತೆಗೆದುಕೊಳ್ಳಿ. ಕಚೇರಿಗೆ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸುವುದನ್ನು ಮರೆಯಬೇಡಿ.