ಗಾಯಗೊಂಡ ಗುಡ್ಡಕ್ಕೆ ಕಾಯಕವೇ ಮದ್ದು



ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಹೋದಲ್ಲೆಲ್ಲ ತೋಡಿದ ಗಾಯ ಉಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ಅತಿಯಾಗಿ ಅಕ್ರಮವೆಸಗಿದ ಗುತ್ತಿಗೆಗಳನ್ನು ರದ್ದುಮಾಡಿತು. ಕೆಟ್ಟ ನೆಲವನ್ನು ಸರಿಪಡಿಸಲೇಬೇಕೆಂದೂ ವಿಧಿಸಿತು. ಆಜ್ಞೆಯಿಂದ ಗಣಿ ನಿಂತೀತು, ಹುಲ್ಲು ಚಿಗುರೀತೇ?

ಮೇಲ್ಮಣ್ಣು ಹೋದ ಇಳಿಜಾರಿನಲ್ಲಿ ಮೊದಲು ಹುಲ್ಲು ಬೇರೂರಬೇಕು. ಹಳ್ಳಕ್ಕೆ ಕಲ್ಲಿನ ತಡೆ ಕಟ್ಟಿ, ಕೆಂಪು ಹೂಳು ಕೆರೆಗಿಳಿಯದಂತೆ ಮಾಡಬೇಕು. ಆಮೇಲೆ ಗಿಡ. ನೆಡುವುದಕ್ಕೆ ಇಲಾಖೆಯ ಹಣ ಸಾಕು; ಕಾಯುವುದಕ್ಕೆ ಊರೇ ಬೇಕು. ಕುರಿ ಕಾಯುವವನನ್ನು ಕೇಳದೆ ಹಾಕಿದ ಬೇಲಿ ನಿಲ್ಲದು. ಹುಲ್ಲು ಕೊಯ್ದೊಯ್ಯುವ ಹಕ್ಕನ್ನು ಅವನಿಗೆ ಕೊಡಿರಿ, ಅವನೇ ಬೇಲಿಯಾಗುತ್ತಾನೆ.

ಭೂಮಿಯಿಂದ ಪಡೆದುದನ್ನು ಭೂಮಿಗೇ ಸಲ್ಲಿಸುವುದನ್ನು ನಾವು ದಾಸೋಹವೆನ್ನುತ್ತೇವೆ. ಇಂಥ ಕಾಯಕಕ್ಕೆ ಕರೆ ಬಂದಾಗ ಮನೆಗೊಬ್ಬರಂತೆ ಹೊರಡಿರಿ.