ಲೆಕ್ಕಕ್ಕೆ ಸಿಗದ ಸಾವುಗಳು: ಮಹಾಮಾರಿಯ ಕಾಲದಲ್ಲಿ ಮಧುಮೇಹ
(ಶಾಲಾ ಶತಮಾನೋತ್ಸವದ ಉಪನ್ಯಾಸಮಾಲಿಕೆಯಲ್ಲಿ ಹಳೆ ವಿದ್ಯಾರ್ಥಿಯಾದ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದಂತಹ ಸಂಭ್ರಮದಲ್ಲಿ ಸಾವಿನ ವಿಷಯವನ್ನು ಎತ್ತಿಕೊಂಡದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಸಂಘಟಕರು ನನಗೆ ಕೊಟ್ಟ ವಿಷಯ ‘ಆರೋಗ್ಯ ಮತ್ತು ಸಮಾಜ’ ಎಂಬುದಾಗಿತ್ತು. ಅಷ್ಟು ವಿಸ್ತಾರವಾದ ಬಯಲಿನಲ್ಲಿ ನಾನು ನಿಲ್ಲಬಯಸುವುದು ಒಂದೇ ಒಂದು ಮರದ ಕೆಳಗೆ. ಅದು ಮಧುಮೇಹ. ಇಂದಿನ ಊಟಕ್ಕೆ ಎರಡು ಬಗೆಯ ಪಾಯಸವಿದೆಯೆಂದು ಕೇಳಿದ್ದೇನೆ. ನನ್ನ ಮಾತು ಮುಗಿದ ಮೇಲೆ ಅಡುಗೆಯವರು ನನ್ನ ಮೇಲೆ ಮುನಿಯದಿರಲಿ.

ನಮ್ಮ ಶಾಲೆ ಮತ್ತು ಇನ್ಸುಲಿನ್ ಹೆಚ್ಚುಕಡಿಮೆ ಒಂದೇ ವಯಸ್ಸಿನವು. 1922ರ ಜನವರಿ ತಿಂಗಳಲ್ಲಿ ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊತ್ತಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಕೊಟ್ಟರು. ಆವರೆಗೆ ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆಯೆಂದರೆ ಅರೆಹೊಟ್ಟೆಯಲ್ಲಿರಿಸಿ ಸಾವನ್ನು ಕೆಲವು ತಿಂಗಳು ಮುಂದೂಡುವುದು ಮಾತ್ರ. ಮೊದಲ ಮದ್ದು ಸರಿಹೋಗಲಿಲ್ಲ. ಕಾಲಿಪ್ ಎಂಬ ರಸಾಯನತಜ್ಞ ಅದನ್ನು ಶುದ್ಧಿಗೊಳಿಸಿದ ಮೇಲೆ, ಹನ್ನೆರಡು ದಿನಗಳ ಬಳಿಕ ಕೊಟ್ಟ ಎರಡನೆಯದು ಫಲಿಸಿತು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪಠ್ಯಪುಸ್ತಕದ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಹುಡುಗ ಏನಾದ? ಹದಿಮೂರು ವರ್ಷ ಬದುಕಿ, 1935ರಲ್ಲಿ ತೀರಿಕೊಂಡ. ತೀರಿಕೊಂಡದ್ದು ನ್ಯುಮೋನಿಯಾದಿಂದ, ಅಂದರೆ ಶ್ವಾಸಕೋಶದ ಸೋಂಕಿನಿಂದ. ಇನ್ಸುಲಿನ್ ಪಡೆದ ಮೊದಲ ಮನುಷ್ಯನ ಕೊನೆಯೇ ಹೀಗಾಯಿತೆಂಬುದನ್ನು 2020ರ ಇಸವಿಯಲ್ಲಿ ನಾನು ಹಲವು ಬಾರಿ ನೆನೆದೆ.

ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕನ್ನು ಎದುರಿಸುವ ಬಿಳಿಯ ರಕ್ತಕಣಗಳು ಮಂಕಾಗುತ್ತವೆ. ಸೋಂಕು ಬಂದಾಗ ದೇಹ ಸ್ರವಿಸುವ ಕೆಲವು ಹಾರ್ಮೋನುಗಳು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಒಂದು ಇನ್ನೊಂದಕ್ಕೆ ಎಣ್ಣೆ ಎರೆಯುತ್ತದೆ. ಕೊರೋನಾ ವೈರಾಣು ಬಂದಾಗ ಆದದ್ದು ಇದೇ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೊದಲ ಅಲೆಯಲ್ಲಿ ಕೋವಿಡ್‌ನಿಂದ ಸತ್ತವರ ಪೈಕಿ ಮೂರರಲ್ಲಿ ಒಬ್ಬರು ಮಧುಮೇಹಿಗಳಾಗಿದ್ದರು. ವಯಸ್ಸು ಮೊದಲಾದ ಅಂಶಗಳನ್ನು ಸರಿದೂಗಿಸಿ ನೋಡಿದರೂ, ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದವರಲ್ಲಿ ಸಾವಿನ ಸಂಭವ ಸುಮಾರು ಎರಡು ಪಟ್ಟು, ಒಂದನೆಯ ಬಗೆಯವರಲ್ಲಿ ಮೂರೂವರೆ ಪಟ್ಟು ಇತ್ತು.

ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತು. ಕೇರಳದಲ್ಲಿ ವಯಸ್ಕರ ಪೈಕಿ ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ. ಈ ಸಭಾಂಗಣದಲ್ಲಿ ನೀವು ಕುಳಿತ ಸಾಲನ್ನು ಎಣಿಸಿ ನೋಡಿದರೆ ಸಾಕು.

ಎರಡನೆಯ ಅಲೆಯ ಸಂಗತಿ ಇನ್ನೊಂದು ಬಗೆಯದು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧ ಉಸಿರಿಗೆ ಕಷ್ಟಪಡುತ್ತಿದ್ದ ಕೋವಿಡ್ ರೋಗಿಗಳ ಪ್ರಾಣ ಉಳಿಸುತ್ತದೆಂದು 2020ರ ಜೂನ್ ತಿಂಗಳಲ್ಲಿ ತಿಳಿದುಬಂತು. ಅದು ನಿಜ. ಆದರೆ ಆಮ್ಲಜನಕದ ಅಗತ್ಯವಿಲ್ಲದವರೂ ಮನೆಯಲ್ಲೇ ಅದನ್ನು ನುಂಗಿದರು. ಮಧುಮೇಹಿಗಳ ಸಕ್ಕರೆ ಅಳತೆ ಮೀರಿತು. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಕಪ್ಪು ಶಿಲೀಂಧ್ರ ತಗುಲಿತ್ತು. ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಮಧುಮೇಹಿಗಳು. ಕಣ್ಣು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅದನ್ನಿಲ್ಲಿ ವರ್ಣಿಸಲಾರೆ.

ಈವರೆಗೆ ಹೇಳಿದ್ದೆಲ್ಲ ಪತ್ರಿಕೆಗಳಲ್ಲಿ ಬಂದ ಸಾವುಗಳು. ಪತ್ರಿಕೆಗೆ ಬಾರದ ಒಂದು ಸಾವಿನ ಬಗ್ಗೆ ಹೇಳುವುದಕ್ಕೆಂದೇ ನಾನು ಈ ವಿಷಯವನ್ನು ಆರಿಸಿಕೊಂಡೆ.

ಈ ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರೊಬ್ಬರಿದ್ದರು. ಹೆಸರು ಬೇಡ, ಇಲ್ಲಿರುವ ಹಲವರಿಗೆ ತಿಳಿಯುತ್ತದೆ. ಇಪ್ಪತ್ತು ವರ್ಷಗಳಿಂದ ಅವರಿಗೆ ಮಧುಮೇಹವಿತ್ತು. ನಮ್ಮ ಊರಿನ ಎಲ್ಲರಂತೆ ಅವರಿಗೂ ಆಸ್ಪತ್ರೆಯೆಂದರೆ ಮಂಗಳೂರು. 1956ರ ನವೆಂಬರ್ 1ರಂದು ನಕ್ಷೆಯಲ್ಲಿ ಗೆರೆ ಎಳೆದರೂ ನಮ್ಮ ಕಾಯಿಲೆ, ಹೆರಿಗೆ, ಶಸ್ತ್ರಚಿಕಿತ್ಸೆಗಳಿಗೆಲ್ಲ ಆ ಗೆರೆ ಅಡ್ಡ ಬಂದಿರಲಿಲ್ಲ. ತಲಪಾಡಿ ನಮಗೆ ಬಸ್ಸಿನ ಒಂದು ನಿಲುಗಡೆಯಷ್ಟೆ.

2020ರ ಮಾರ್ಚ್ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಸೋಂಕು ಏರಿತು. ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ವರದಿಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವುಗೊಳಿಸುವಂತೆ ಆದೇಶಿಸಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದಕ್ಕೆ ಎರಡೂ ರಾಜ್ಯಗಳು ಒಪ್ಪಿದವು. ಯಾವ ಸರಕಾರ ಸರಿ, ಯಾವುದು ತಪ್ಪು ಎಂಬ ಚರ್ಚೆ ಆಗಲೇ ಸಾಕಷ್ಟು ನಡೆದಿದೆ. ಸೋಂಕಿನ ಭಯ ಆ ಕಡೆಯವರಿಗೂ ಸುಳ್ಳಾಗಿರಲಿಲ್ಲ. ನಾನು ಗಮನಿಸುವುದು ‘ತುರ್ತು’ ಎಂಬ ಒಂದು ಶಬ್ದವನ್ನು.

ಮಾಸ್ತರರ ಬಲಗಾಲಿನ ಹೆಬ್ಬೆರಳಿನ ಕೆಳಗೆ ತೋಟದಲ್ಲಿ ನಡೆಯುವಾಗ ಏನೋ ಚುಚ್ಚಿ ಸಣ್ಣ ಗಾಯವಾಗಿತ್ತು. ಏಪ್ರಿಲ್ ತಿಂಗಳ ಎರಡನೆಯ ವಾರ ಅವರು ಮಂಗಳೂರಿನಲ್ಲಿದ್ದ ನನಗೆ ಫೋನು ಮಾಡಿದರು. “ಮಾಸ್ಟ್ರೇ, ನೋವಿದೆಯೇ?” ಎಂದು ಕೇಳಿದೆ. “ನೋವೇ ಇಲ್ಲ ಮಾರಾಯ. ನೀನು ಸುಮ್ಮನೆ ಗಾಬರಿ ಮಾಡಬೇಡ” ಎಂದರು. ನನಗೆ ಸಮಾಧಾನವಾಯಿತು. “ಹಾಗಾದರೆ ಒಂದು ವಾರ ನೋಡುವ. ತೊಳೆದು ಪಟ್ಟಿ ಕಟ್ಟಿಕೊಳ್ಳಿ, ಈಗ ಪೇಟೆಗೆ ಇಳಿಯಬೇಡಿ” ಎಂದೆ.

ನಾನು ವೈದ್ಯ. ಹಳೆಯ ಮಧುಮೇಹಿಯ ಕಾಲಿನ ಗಾಯದಲ್ಲಿ ನೋವಿಲ್ಲವೆಂದರೆ ಅದು ಸಮಾಧಾನದ ಸಂಗತಿಯಲ್ಲ, ಅಪಾಯದ ಸಂಗತಿ ಎಂಬುದನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು. ವರ್ಷಗಟ್ಟಲೆ ಏರಿದ ಸಕ್ಕರೆಯಿಂದ ಪಾದದ ನರಗಳು ಸತ್ತಿರುತ್ತವೆ. ಕಾವಲುನಾಯಿಯೇ ಸತ್ತ ಮನೆಯಲ್ಲಿ ಬೊಗಳುವುದು ಯಾರು? ಎದುರಿಗೆ ಬಂದು ಕುಳಿತಿದ್ದರೆ ಆ ಪಾದವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಫೋನಿನಲ್ಲಿ ಕೇಳಿಸಿದ್ದು ಧೈರ್ಯದ ಧ್ವನಿ ಮಾತ್ರ. ಆ ಧ್ವನಿಯನ್ನು ನಾನು ನಂಬಿದೆ. ತಪ್ಪು ನನ್ನದು. ಗಡಿಯ ಮಣ್ಣಿನ ರಾಶಿಯ ಮೇಲೆ ಅದನ್ನು ಹೊರಿಸಲಾರೆ.

ಮನೆಗೆ ಬಂದ ಒಂದು ಕರಪತ್ರದಲ್ಲಿ ಮಧುಮೇಹಿಗಳು ಗಮನಿಸಬೇಕಾದ ವಿಷಯಗಳಿದ್ದುವಂತೆ. ಅದು ಮಲಯಾಳದಲ್ಲಿತ್ತು. ಮಾಸ್ತರರು ತುಳು, ಕನ್ನಡ, ಮಲಯಾಳ ಮೂರನ್ನೂ ಸರಾಗವಾಗಿ ಮಾತನಾಡುತ್ತಿದ್ದವರು, ಆದರೆ ಮಲಯಾಳದ ಲಿಪಿ ಬಾರದು. ಅಂಥವರು ಈ ಸಭೆಯಲ್ಲೂ ಎಷ್ಟೋ ಮಂದಿ ಇದ್ದೀರಿ. ಕಾಗದ ಕಿಟಕಿಯ ಮೇಲೆ ಉಳಿಯಿತು.

ತಿಂಗಳ ಕೊನೆಗೆ ಜ್ವರ ಬಂತು. ಜ್ವರವೆಂದ ಕೂಡಲೇ ಎಲ್ಲರ ಮನಸ್ಸಿನಲ್ಲೂ ಕೊರೋನಾ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯ್ದರು, ರೋಗವಿಲ್ಲವೆಂದು ಬಂತು. ಮನೆಯವರಿಗೆ ನೆಮ್ಮದಿ. ಪಟ್ಟಿ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದುವು. ಮಂಗಳೂರಿನಿಂದ ಅರ್ಧ ಮುಕ್ಕಾಲು ಗಂಟೆಯ ದೂರದಲ್ಲಿದ್ದವರನ್ನು ಎರಡು ಗಂಟೆಗೂ ಮಿಕ್ಕಿದ ದಾರಿಯಲ್ಲಿ ದಕ್ಷಿಣಕ್ಕೆ ಒಯ್ದರು. ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಗಲೇ ನಂಜು ರಕ್ತಕ್ಕೆ ಏರಿತ್ತು, ಮೂತ್ರಪಿಂಡ ಕೈಕೊಟ್ಟಿತು. ಮೇ ತಿಂಗಳಲ್ಲಿ ತೀರಿಕೊಂಡರು. ಶವಸಂಸ್ಕಾರಕ್ಕೆ ನನಗೆ ಬರಲಾಗಲಿಲ್ಲ.

ಮರಣಪತ್ರದಲ್ಲಿ ನಂಜು ಮತ್ತು ಮೂತ್ರಪಿಂಡದ ವೈಫಲ್ಯ ಎಂದಿತ್ತು. ಸರಿಯೇ. ಕೋವಿಡ್ ಸಾವುಗಳ ಪಟ್ಟಿಯಲ್ಲಿ ಅವರಿಲ್ಲ, ಇರಬೇಕಾಗಿಯೂ ಇಲ್ಲ. ಕೋವಿಡ್ ತಗುಲಿ ಸತ್ತವರಿಗೆ ಮಧುಮೇಹವನ್ನು ಸಾವಿನ ಮೂಲ ಕಾರಣವೆಂದು ಬರೆಯಬಾರದೆಂದು ಸಂಶೋಧನಾ ಪರಿಷತ್ತು 2020ರಲ್ಲಿ ಸೂಚಿಸಿತ್ತು. ಅದು ಉಚಿತವಾದ ಸೂಚನೆ. ಆದರೆ ವೈರಾಣು ತಗುಲದೆ, ವೈರಾಣುವಿನ ಕಾಲ ತಗುಲಿ ಸತ್ತವರನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಅಮೆರಿಕದಲ್ಲಿ ಮರಣಪತ್ರಗಳ ಲೆಕ್ಕ ಪೂರ್ಣವಾಗಿರುವುದರಿಂದ ಅಲ್ಲಿ ಇದು ಕಾಣುತ್ತದೆ. ಮಧುಮೇಹವೇ ಮೂಲ ಕಾರಣವಾದ ಸಾವುಗಳು 2019ರಲ್ಲಿ ಸುಮಾರು 87 ಸಾವಿರ ಇದ್ದವು, 2020ರಲ್ಲಿ 1 ಲಕ್ಷದ 2 ಸಾವಿರವಾದವು. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ವಾಡಿಕೆಗಿಂತ ಹೆಚ್ಚಾಗಿ ಸತ್ತವರು ಸುಮಾರು 1 ಕೋಟಿ 49 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಕೋವಿಡ್ ಎಂದು ವರದಿಯಾದವು ಅದರ ಅರ್ಧಕ್ಕೂ ಕಡಿಮೆ. ಆ ದೊಡ್ಡ ಸಂಖ್ಯೆಯ ಯಾವುದೋ ಮೂಲೆಯಲ್ಲಿ ನನ್ನ ಮಾಸ್ತರರಿದ್ದಾರೆ. ಲೆಕ್ಕ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು.

ಇನ್ನೊಂದೆರಡು ಮಾತು ಪೋಷಕರಿಗೆ. ಜ್ವರ, ವಾಂತಿ ಬಂದು ಊಟ ಸೇರದಿದ್ದಾಗ ಇನ್ಸುಲಿನನ್ನು ತಾವಾಗಿ ಪೂರ್ತಿ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಒಂದನೆಯ ಬಗೆಯ ಮಧುಮೇಹವುಳ್ಳ ಮಗುವಿಗೆ ಇದು ಒಂದೆರಡು ದಿನಗಳಲ್ಲೇ ಪ್ರಾಣಾಂತಿಕವಾಗಬಹುದು. ಪ್ರಮಾಣ ಬದಲಿಸಬೇಕಾದೀತು, ಅದನ್ನು ವೈದ್ಯರನ್ನು ಕೇಳಿ. ಸಕ್ಕರೆಯನ್ನು ದಿನಕ್ಕೆ ಹಲವು ಬಾರಿ ಪರೀಕ್ಷಿಸಿ, ನೀರು ಕುಡಿಸುತ್ತಿರಿ. ಒಡೆಯದ ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ, ಆದರೆ ಮಂಜುಗಟ್ಟುವ ಖಾನೆಯಲ್ಲಿ ಬೇಡ. ಗಡಿ ಇನ್ನೊಮ್ಮೆ ಮುಚ್ಚದಿದ್ದರೂ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟುವುದುಂಟು. ಒಂದು ತಿಂಗಳ ಮದ್ದು ಮನೆಯಲ್ಲಿರಲಿ. ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ: ಮಲಯಾಳದಲ್ಲಿ ಬರುವ ಆರೋಗ್ಯ ಸೂಚನೆಗಳನ್ನು ಏಳನೆಯ ತರಗತಿಯ ಮಕ್ಕಳಿಂದ ಕನ್ನಡಕ್ಕೆ ಬರೆಸಿ, ಮನೆಯ ಅಜ್ಜ ಅಜ್ಜಿಯರಿಗೆ ಓದಿಸಿ. ಎರಡು ಭಾಷೆ ಓದಬಲ್ಲ ಮಕ್ಕಳು ನಮ್ಮಲ್ಲಿದ್ದಾರೆ. ಅಂದು ಆ ಮನೆಯಲ್ಲಿ ಒಬ್ಬರಿದ್ದಿದ್ದರೆ ಸಾಕಿತ್ತು.

ಊಟವಾದ ಮೇಲೆ, ಪಾಯಸ ಉಂಡವರೂ ಬಿಟ್ಟವರೂ, ಪಕ್ಕದ ಏಳನೆಯ ತರಗತಿಯ ಕೋಣೆಗೆ ಬನ್ನಿ. ನನ್ನ ಇಬ್ಬರು ಕಿರಿಯ ಸಹೋದ್ಯೋಗಿಗಳು ಸಣ್ಣ ನೈಲಾನ್ ಎಳೆಯೊಂದನ್ನು ಹಿಡಿದು ಕುಳಿತಿರುತ್ತಾರೆ. ಅದನ್ನು ಪಾದಕ್ಕೆ ಮುಟ್ಟಿಸುತ್ತಾರೆ. ನೀವು ಕಣ್ಣು ಮುಚ್ಚಿಕೊಂಡು, ಮುಟ್ಟಿದ್ದು ತಿಳಿಯಿತೋ ಇಲ್ಲವೋ ಎಂದು ಹೇಳಿದರಾಯಿತು. ಎರಡು ನಿಮಿಷದ ಕೆಲಸ. ಚಪ್ಪಲಿಯನ್ನು ಜಗಲಿಯಲ್ಲೇ ಬಿಟ್ಟು ಬನ್ನಿ.