ಎದೆಯ ಗಂಟು: ಕತ್ತರಿಗೆ ಮೊದಲು ಸೂಜಿ ಪರೀಕ್ಷೆ

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಯವರು ನೀಡಿದ ಉಪನ್ಯಾಸ)



ದನದ ಡಾಕ್ಟರು ಹೆಂಗಸರ ಕಾಯಿಲೆಯ ಬಗ್ಗೆ ಮಾತಾಡುವುದೇನು ಎಂದು ಕೆಲವರಿಗೆ ಅನ್ನಿಸಬಹುದು. ಕೆಚ್ಚಲು ಬಾವಿನ ಪರೀಕ್ಷೆ ತೋರಿಸಲು ಊರೂರಿಗೆ ಹೋದಾಗ, ನಾನೂ ಹೆಂಗಸೆಂಬ ಸಲಿಗೆಯಿಂದ ಹಲವರು ಕೊಟ್ಟಿಗೆಯ ಮೂಲೆಗೆ ಕರೆದು ಕೇಳಿದ ಪ್ರಶ್ನೆಗಳೇ ಇಂದಿನ ವಿಷಯ. "ಎದೆಯಲ್ಲಿ ಗಂಟಿದೆ ಮೇಡಂ, ನೋವಿಲ್ಲ, ಹಾಗೇ ಬಿಟ್ಟರೆ ಆಗದೆ?" "ಸೂಜಿ ಚುಚ್ಚಿದರೆ ಕಾಯಿಲೆ ಮೈಯೆಲ್ಲ ಹರಡುತ್ತದಂತೆ, ನಿಜವೆ?" ಚಿಕಿತ್ಸೆ ಹೇಳುವುದು ಆಸ್ಪತ್ರೆಯ ವೈದ್ಯರ ಕೆಲಸ. ಪರೀಕ್ಷೆಗಳು ಯಾವುವು, ಏಕೆ, ಹೇಗೆ ಎಂಬುದನ್ನಷ್ಟೆ ನಾನು ಹೇಳುತ್ತೇನೆ.

ಹಸುವಿನ ಕೆಚ್ಚಲು ಸ್ವಲ್ಪ ಗಟ್ಟಿಯಾದರೂ ನೀವು ಅದೇ ದಿನ ಸಂಘಕ್ಕೆ ಬಂದು ಹೇಳುತ್ತೀರಿ. ನಿಮ್ಮದೇ ಮೈಯ ಗಂಟನ್ನು ಮಾತ್ರ ತಿಂಗಳುಗಟ್ಟಲೆ ಸೆರಗಿನಡಿ ಮುಚ್ಚಿಡುತ್ತೀರಿ. ಕೆಚ್ಚಲು ಬಾವು ಬಂದ ಹಸು ನೋವಿಗೆ ಒದೆಯುತ್ತದೆ. ಹೆಂಗಸರ ಸ್ತನ ಕ್ಯಾನ್ಸರಿನ ಗಂಟಿನಲ್ಲಿ ಮೊದಮೊದಲು ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಆದ್ದರಿಂದ ನೋವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರಕೂಡದು.

ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು. ಆದರೂ ಎದೆಯಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಗುಳ್ಳೆ, ಹರೆಯದವರಲ್ಲಿ ಜಾರುವ ಗಂಟು, ಬಾಣಂತಿಯರಲ್ಲಿ ಹಾಲು ಕಟ್ಟಿದ ಗಂಟು ಹೀಗೆ ಹಲವು ಬಗೆ. ಯಾವುದು ಯಾವುದೆಂದು ಪರೀಕ್ಷೆಯಿಂದಲೇ ತಿಳಿಯಬೇಕು.

ಗಂಟಲ್ಲದೆ, ಚರ್ಮ ಗುಳಿ ಬೀಳುವುದು ಅಥವಾ ಕಿತ್ತಲೆ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಕ್ಕೆ ಸೇರುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ ಇವನ್ನು ಕಂಡಾಗಲೂ ತಡಮಾಡದೆ ತೋರಿಸಬೇಕು. ಈ ಕಾಯಿಲೆ ಹಾಲು ಕರೆಯುವುದರಿಂದ ಬರುವುದಿಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಹಸುವಿಗೆಂದು ಕೊಟ್ಟ ಮುಲಾಮನ್ನಾಗಲಿ ಟ್ಯೂಬನ್ನಾಗಲಿ ನಿಮ್ಮ ಮೈಗೆ ಹಚ್ಚಬಾರದು.

ಪರೀಕ್ಷೆಗಳು ಮೂರು.

1. ಕೈ ಪರೀಕ್ಷೆ: 30 ವರ್ಷ ದಾಟಿದ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ತಪಾಸಣೆ ಮಾಡುವ ಕಾರ್ಯಕ್ರಮವಿದೆ. ಇದನ್ನು ಹಗುರವಾಗಿ ಕಾಣಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಸುಮಾರು 1.5 ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದ, 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು.

2. ಚಿತ್ರ ತೆಗೆಯುವ ಪರೀಕ್ಷೆ: ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್‌ರೇ. ಸ್ತನವನ್ನು ಎರಡು ತಟ್ಟೆಗಳ ನಡುವೆ ಕೆಲವು ಸೆಕೆಂಡು ಒತ್ತಿ ಹಿಡಿದು, ಒಂದೊಂದು ಕಡೆಗೂ ಸಾಮಾನ್ಯವಾಗಿ ಎರಡು ಚಿತ್ರ ತೆಗೆಯುತ್ತಾರೆ. ಸ್ವಲ್ಪ ನೋವಾಗಬಹುದು, ಆದರೆ ಬೇಗ ಮುಗಿಯುತ್ತದೆ. ಮುಟ್ಟಾಗುವವರು ಮುಟ್ಟು ನಿಂತ ಮುಂದಿನ ವಾರ ಹೋದರೆ ನೋವು ಕಡಿಮೆ. ಅಂದು ಎದೆಗೆ, ಕಂಕುಳಿಗೆ ಪೌಡರು, ಕ್ರೀಮು ಹಚ್ಚಬಾರದು. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆ ಕಂಡು ಗೊಂದಲವಾಗುತ್ತದೆ. ಹಳೆಯ ಚಿತ್ರಗಳಿದ್ದರೆ ಒಯ್ಯಿರಿ. ಗರ್ಭಿಣಿಯರು, ಎದೆಹಾಲು ಕುಡಿಸುವವರು ಮೊದಲೇ ತಿಳಿಸಬೇಕು.

ಚಿಕ್ಕ ವಯಸ್ಸಿನವರಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಎಕ್ಸ್‌ರೇಯಲ್ಲಿ ಗಂಟು ಮರೆಯಾಗಬಹುದು. ಅವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುತ್ತಾರೆ. ಗಂಟಿನೊಳಗೆ ನೀರಿದೆಯೆ, ಗಟ್ಟಿ ಇದೆಯೆ ಎಂಬುದು ಅದರಲ್ಲಿ ತಿಳಿಯುತ್ತದೆ.

ವರದಿಯಲ್ಲಿ 'ಬೈರಾಡ್ಸ್' ಎಂದು 0ಯಿಂದ 6ರ ವರೆಗೆ ಒಂದು ಅಂಕಿ ಇರುತ್ತದೆ. 0 ಎಂದರೆ ಇನ್ನೂ ಚಿತ್ರ ಬೇಕು. 1 ಮತ್ತು 2 ಎಂದರೆ ಭಯವಿಲ್ಲ. 3 ಎಂದರೆ ಕ್ಯಾನ್ಸರಿನ ಸಂಭವ ಶೇ. 2ಕ್ಕಿಂತ ಹೆಚ್ಚಿಲ್ಲ, ಆದರೆ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡಬೇಕು. 4 ಮತ್ತು 5ಕ್ಕೆ ಸೂಜಿ ಪರೀಕ್ಷೆ ಆಗಲೇಬೇಕು. 6 ಎಂದರೆ ಕ್ಯಾನ್ಸರ್ ಎಂದು ಈಗಾಗಲೇ ಖಚಿತವಾಗಿದೆ.

3. ಸೂಜಿ ಪರೀಕ್ಷೆ, ಅಂದರೆ ಬಯಾಪ್ಸಿ: ಇದರಲ್ಲಿ ಎರಡು ಬಗೆ. ತೆಳು ಸೂಜಿಯಿಂದ ಜೀವಕೋಶಗಳನ್ನಷ್ಟೆ ಎಳೆಯುವುದು ಒಂದು. ಸ್ವಲ್ಪ ದಪ್ಪ ಸೂಜಿಯಿಂದ ಶಾವಿಗೆ ತುಣುಕಿನಂಥ ಅಂಗಾಂಶ ತೆಗೆಯುವುದು ಇನ್ನೊಂದು. ಇದರಿಂದ ಹೆಚ್ಚು ವಿವರ ಸಿಗುತ್ತದೆ. ಕ್ಯಾನ್ಸರ್ ಇದ್ದರೆ ಯಾವ ಔಷಧಿಗೆ ಬಗ್ಗುವ ಜಾತಿ ಎಂಬುದನ್ನೂ ಆ ತುಣುಕಿನಲ್ಲೇ ನೋಡುತ್ತಾರೆ.

ದಪ್ಪ ಸೂಜಿಗೆ ಮೊದಲು ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. 'ಟಪ್' ಎಂಬ ಸದ್ದಾಗುತ್ತದೆ, ಬೆದರಬೇಡಿ. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅಂದೇ ಮನೆಗೆ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಹಾಲಿನ ಕ್ಯಾನು, ಹಿಂಡಿ ಮೂಟೆ, ಹುಲ್ಲಿನ ಹೊರೆ ಒಂದೆರಡು ದಿನ ಎತ್ತುವುದು ಬೇಡ. ಗಾಯಕ್ಕೆ ಸಗಣಿ, ಗಂಜಲ ತಾಗದಂತೆ ನೋಡಿಕೊಳ್ಳಿ. ಚರ್ಮ ಸ್ವಲ್ಪ ಕಪ್ಪುನೀಲಿಯಾಗುವುದು ಸಹಜ. ಕೀವು, ಜ್ವರ, ಹೆಚ್ಚುವ ಊತ ಕಂಡರೆ ಆಸ್ಪತ್ರೆಗೆ ಮರಳಿ ಹೋಗಬೇಕು.

ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹರಡಿ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಮಾತು ಸುಳ್ಳು. ಈ ಮಾತು ನಂಬಿ ಮನೆಯಲ್ಲಿ ಕುಳಿತರೆ ಕಾಯಿಲೆ ಬೆಳೆಯಲು ನಾವೇ ಅವಕಾಶ ಕೊಟ್ಟಂತೆ.

ಇಂದು ನಾನು ಹೇಳಿದ್ದರಲ್ಲಿ ಒಂದೇ ಮಾತು ನೆನಪಿರುವುದಾದರೆ ಇದಿರಲಿ: ಸೂಜಿ ಪರೀಕ್ಷೆಯಾಗದೆ ಗಂಟು ಕೊಯ್ಯಿಸಿಕೊಳ್ಳಲು ಅವಸರಪಡಬೇಡಿ. ಏನೆಂದು ತಿಳಿಯದೆ ಗಂಟನ್ನಷ್ಟೆ ತೆಗೆಸಿದ ಮೇಲೆ ಅದು ಕ್ಯಾನ್ಸರ್ ಎಂದು ಗೊತ್ತಾದರೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕಾಯಿಲೆ ಎಷ್ಟು ದೂರ ಹೋಗಿತ್ತೆಂದು ಅಳೆಯುವುದೂ ಕಷ್ಟ. ಮೊದಲೇ ತಿಳಿದರೆ ಸ್ತನ ಉಳಿಸಿಯೇ ಚಿಕಿತ್ಸೆ ಮಾಡಲು ಹಲವರಿಗೆ ಸಾಧ್ಯ. ಆದ್ದರಿಂದ "ಡಾಕ್ಟ್ರೆ, ಸೂಜಿ ಪರೀಕ್ಷೆ ಆಗಿದೆಯೆ? ವರದಿ ಏನು ಬಂದಿದೆ?" ಎಂದು ಕೇಳಿ, ವರದಿಯ ಪ್ರತಿ ಪಡೆದುಕೊಳ್ಳಿ. ಕೈ, ಚಿತ್ರ, ಸೂಜಿ ಮೂರೂ ಒಂದೇ ಮಾತು ಹೇಳಬೇಕು. ಒಂದು ಬೇರೆ ಹೇಳಿದರೆ ಮತ್ತೆ ಪರೀಕ್ಷಿಸಬೇಕು.

ಖರ್ಚಿನ ಚಿಂತೆ ಸಹಜ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂತು. ಅದರ ನೋಂದಣಿ ಯಾವಾಗ, ಯಾವ ಪರೀಕ್ಷೆಗೆ ಹಣ ಸಿಗುತ್ತದೆ ಎಂಬುದನ್ನು ಕಾರ್ಯದರ್ಶಿಗಳಲ್ಲಿ ಮುಂಚೆಯೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಆಧಾರ್, ರೇಷನ್ ಕಾರ್ಡ್ ಮರೆಯದೆ ಒಯ್ಯಿರಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಕ್ಯಾನ್ಸರಿಗೇ ಮೀಸಲಾಗಿದೆ. ಕಲಬುರಗಿಯಲ್ಲೂ ಅದರ ಕೇಂದ್ರವಿದೆ.

ಇಲ್ಲಿ ಕುಳಿತಿರುವ ಗಂಡಸರಿಗೂ ಒಂದು ಮಾತು. ಮನೆಯ ಹೆಂಗಸು ಆಸ್ಪತ್ರೆಗೆ ಹೊರಟ ದಿನ ಹಾಲು ಕರೆದು ಡೇರಿಗೆ ಹಾಕುವ ಕೆಲಸ ನೀವು ವಹಿಸಿಕೊಳ್ಳಿ. "ದನ ಯಾರು ನೋಡ್ತಾರೆ" ಎಂಬ ಒಂದೇ ಚಿಂತೆಯಿಂದ ಎಷ್ಟೋ ಹೆಂಗಸರು ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ಅಪರೂಪಕ್ಕೆ ಗಂಡಸರಿಗೂ ಈ ಕಾಯಿಲೆ ಬರುವುದುಂಟು, ನೀವೂ ಎಚ್ಚರದಿಂದಿರಿ.

ಗಂಟು ಕಂಡವರು ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನೋ ಪಕ್ಕದ ಮನೆಯ ಅಕ್ಕನನ್ನೋ ಜೊತೆಗೆ ಕರೆದುಕೊಳ್ಳಿ.